ತಿರುವಿನಲ್ಲಿ ಓವರ್‌ಟೇಕ್ ಮಾಡುವ ಬಸ್ಸು, ಟಿಪ್ಪರ್‌ಗಳ ಮೇಲೆ ದೂರು ಕೊಡುವುದು ಎಲ್ಲಿ, ಹೇಗೆ?

ಹೊಲಿಗೆ ಅಂಗಡಿ (ಬದಿಯಡ್ಕ–ಪೆರ್ಲ ಮಾರ್ಗ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಾನೂನು ಗೊತ್ತಿದ್ದವರು, ಬಸ್ಸಿನಲ್ಲಿ ದುಡಿದವರು, ಆರ್‌ಟಿಒ ಕಚೇರಿಯ ವ್ಯವಹಾರ ತಿಳಿದವರು ಇಲ್ಲಿ ಇದ್ದರೆ ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಮಾರ್ಗದ ಬದಿಯಲ್ಲಿ ಹೊಲಿಗೆ ಅಂಗಡಿ. ಎದುರೇ ಒಂದು ತಿರುವು. ಒಳಬದಿಯಲ್ಲಿ ಎತ್ತರದ ಬರೆ (ಕಡಿದಾದ ಮಣ್ಣಿನ ದಿಬ್ಬ), ಹೊರಬದಿಯಲ್ಲಿ ಕಣಿ (ಚರಂಡಿ), ಕಣಿಯ ಈಚೆಗೆ ನನ್ನ ಅಂಗಡಿ. ಮೆಷಿನಿನ ಮುಂದೆ ಕೂತರೆ ತಿರುವಿನ ಎರಡೂ ಬದಿಯಿಂದ ಬರುವ ವಾಹನ ನನಗೆ ಒಟ್ಟಿಗೆ ಕಾಣುತ್ತದೆ. ಓಡಿಸುವವರಿಗೆ ಬರೆ ಅಡ್ಡ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಇದರ ಕಷ್ಟ ಅಲ್ಲಿ ಕೂತವರಿಗೇ ಗೊತ್ತು. ಬಸ್ಸೊಂದು ಬಲಕ್ಕೆ ಎಳೆದು ಮುಂದಿನದ್ದನ್ನು ದಾಟಲು ಹೊರಟಾಗ, ಎದುರಿನಿಂದ ಸ್ಕೂಟರಿನಲ್ಲಿ ಒಂದು ಸಂಸಾರ ಬರುತ್ತಿರುವುದು ನನಗೆ ಕಾಣುತ್ತಿರುತ್ತದೆ. ನಾನು ಏನೂ ಮಾಡುವ ಹಾಗಿಲ್ಲ.

ಮಳೆ ಹನಿಯುತ್ತಿದ್ದ ಒಂದು ಸಂಜೆ, ಶಾಲೆ ಬಿಟ್ಟ ಹೊತ್ತು. ಪೆರ್ಲದ ಕಡೆಗೆ ಎರಡು ಬಸ್ಸು, ಒಂದರ ಹಿಂದೆ ಒಂದು. ಮುಂದಿನ ಬಸ್ಸು ಸ್ಟಾಪಿನಲ್ಲಿ ಮಕ್ಕಳನ್ನು ಕಂಡು ನಿಧಾನ ಮಾಡಿತು. ಹಿಂದಿನವನು ಉದ್ದಕ್ಕೆ ಹಾರ್ನ್ ಒತ್ತಿಕೊಂಡು ತಿರುವಿನ ನಡುವೆಯೇ ಬಲಕ್ಕೆ ಎಳೆದ. ಅಷ್ಟರಲ್ಲಿ ಆಚೆಯಿಂದ ಅಡಿಕೆ ಗೋಣಿ ಹೇರಿದ ಪಿಕಪ್. ನಾನು ಎದ್ದು ನಿಂತು ಬೊಬ್ಬೆ ಹೊಡೆದೆ, ಆ ಹಾರ್ನಿನ ಎಡೆಯಲ್ಲಿ ಯಾರಿಗೆ ಕೇಳಬೇಕು? ಪಿಕಪ್‌ನವರು ಎಡಕ್ಕೆ ತಿರುಗಿಸಿ ಕಣಿಗೆ ಇಳಿಸಿದರು. ಮಾರ್ಗಕ್ಕೆ ಹೊಸ ಡಾಮರು ಹಾಕಿದ ಮೇಲೆ ಅಂಚಿನಿಂದ ಮಣ್ಣಿಗೆ ಒಂದು ಗೇಣು ತಗ್ಗು ಉಂಟು. ಗಾಡಿ ವಾಲಿಕೊಂಡು ನಿಂತಿತು, ಮಗುಚಲಿಲ್ಲ. ಬಸ್ಸು ನಿಲ್ಲಿಸುವುದು ಬಿಡಿ, ವೇಗವನ್ನೂ ತಗ್ಗಿಸಲಿಲ್ಲ. ಪಿಕಪ್ ಓಡಿಸುತ್ತಿದ್ದವರು ಪ್ರಾಯದವರು. ನನ್ನ ಅಂಗಡಿಯ ಜಗಲಿಗೆ ಬಂದು ಕೂತರು. ನೀರು ಕೊಟ್ಟರೆ ಲೋಟ ಹಲ್ಲಿಗೆ ತಾಗಿ ಸದ್ದಾಗುವಷ್ಟು ಕೈ ನಡುಗುತ್ತಿತ್ತು. ಸ್ಟಾಪಿನಲ್ಲಿದ್ದ ಮಕ್ಕಳು ಬರೆಗೆ ಅಂಟಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬಳಿಗೆ ನಾನೇ ಯೂನಿಫಾರ್ಮ್ ಹೊಲಿದು ಕೊಟ್ಟದ್ದು.

ಬಸ್ಸಿನ ನಂಬರನ್ನು ಅಳತೆ ಬರೆಯುವ ಪುಸ್ತಕದಲ್ಲೇ ಬರೆದಿಟ್ಟೆ. ಮರುದಿನ ದೂರು ಹೇಳಲು ಹೋದಲ್ಲಿ ನನ್ನನ್ನು ಕೇಳಿದ್ದು ಇಷ್ಟೆ: "ಯಾರಿಗಾದರೂ ಪೆಟ್ಟಾಗಿದೆಯಾ? ಗಾಡಿಗೆ ಏನಾದರೂ ಆಗಿದೆಯಾ?" ಇಲ್ಲ ಎಂದೆ. "ಹಾಗಾದರೆ ಕೇಸು ಮಾಡಲಿಕ್ಕೆ ಎಂತ ಉಂಟು?" ಗಟ್ಟಿ ಮಾತು ಆಡಿದ್ದಲ್ಲ, ಸಮಾಧಾನದಲ್ಲೇ ಹೇಳಿ ಕಳಿಸಿದರು. ಆದರೆ ಆ ಉತ್ತರ ನನಗೆ ಇನ್ನೂ ಅರಗುತ್ತಿಲ್ಲ. ಪೆಟ್ಟಾದ ಮೇಲೆಯೇ ಕೇಸು ಅಂತಾದರೆ, ಪೆಟ್ಟಾಗುವವರು ಯಾರು ಎಂದು ನಾವು ಕಾದು ನೋಡಬೇಕಾ?

ಇದು ನನ್ನ ಒಂದು ತಿರುವಿನ ಗೋಳು ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಇದೇ ಬದಿಯಡ್ಕ–ಪೆರ್ಲ ಮಾರ್ಗದ ಪಳ್ಳತ್ತಡ್ಕದಲ್ಲಿ ಶಾಲಾ ಬಸ್ಸು ಮತ್ತು ರಿಕ್ಷಾ ಡಿಕ್ಕಿಯಾಗಿ ರಿಕ್ಷಾದಲ್ಲಿದ್ದ ಐದು ಜೀವ ಹೋಯಿತು. 2025ರ ಆಗಸ್ಟಿನಲ್ಲಿ ಕರ್ನಾಟಕ ಗಡಿಯ ತಲಪಾಡಿಯಲ್ಲಿ ಬಸ್ಸು ರಿಕ್ಷಾಕ್ಕೆ ಗುದ್ದಿ ಆರು ಜನ ತೀರಿಕೊಂಡರು. ಪ್ರತಿಯೊಂದರ ಕಾರಣ ಬೇರೆ ಬೇರೆ ಇರಬಹುದು, ಅದನ್ನು ತೀರ್ಮಾನಿಸುವವಳು ನಾನಲ್ಲ. ಆದರೆ ಎರಡೂ ಸಲ ಎರಡು ವಾರ ಎಲ್ಲ ಕಡೆ ತಪಾಸಣೆ, ಆಮೇಲೆ ಮಾರ್ಗ ಮೊದಲಿನ ಹಾಗೇ.

ತಪಾಸಣೆಯೇ ಇಲ್ಲ ಎಂದು ಹೇಳುವುದಿಲ್ಲ. ನಮ್ಮ ಮನೆಯವರು ಪೇಟೆಗೆ ಹೋಗುವಾಗ ಹಿಂದೆ ಕೂತ ನನ್ನ ತಲೆಯಲ್ಲಿ ಹೆಲ್ಮೆಟ್ ಇಲ್ಲವೆಂದು 500 ರೂಪಾಯಿ ದಂಡದ ನೋಟೀಸು ಮನೆಗೆ ಬಂದಿತ್ತು. ಕಟ್ಟಿದೆವು, ಕಟ್ಟಬೇಕಾದದ್ದೇ. ಕೇರಳದಲ್ಲಿ 2023ರ ಜೂನ್ 5ರಿಂದ ದಂಡ ಹಾಕಲು ಶುರು ಮಾಡಿದ ಎಐ ಕ್ಯಾಮರಾಗಳು ಒಟ್ಟು 726. ಅದರಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಇಂಥವನ್ನು ಹಿಡಿಯಲಿಕ್ಕೆ, 25 ಪಾರ್ಕಿಂಗಿಗೆ, 18 ಸಿಗ್ನಲಿಗೆ. ವೇಗ ಅಳೆಯಲಿಕ್ಕೆ ಇದ್ದದ್ದು ನಿಂತಲ್ಲೇ ಇರುವ 4, ವಾಹನದಲ್ಲಿ ತಿರುಗುವ 4. ಒಂದು ರಾಜ್ಯಕ್ಕೆ ಎಂಟು. ತಿರುವಿನಲ್ಲಿ ಓವರ್‌ಟೇಕ್ ಮಾಡುವವನನ್ನು ಹಿಡಿಯುವ ಕ್ಯಾಮರಾ ಯಾವುದು? ನನ್ನ ತಲೆ ಒಡೆಯದಿರಲಿ ಎಂದು ದಂಡ ಹಾಕುವ ಸರಕಾರ, ಆ ತಲೆಗೆ ಗುದ್ದುವ ಬಸ್ಸಿಗೂ ಒಮ್ಮೆ ಕೈ ಅಡ್ಡ ಹಿಡಿಯಬೇಕಲ್ಲ?

ಬಸ್ಸು ಮಾತ್ರ ಅಲ್ಲ. ಜಲ್ಲಿ, ಎಂ ಸ್ಯಾಂಡ್ ಹೇರಿದ ಟಿಪ್ಪರ್‌ಗಳು, ಕೆಂಪುಕಲ್ಲಿನ ಲಾರಿಗಳು ಇಳಿಜಾರಿನಲ್ಲಿ ಬರುವ ರಭಸಕ್ಕೆ ನನ್ನ ಅಂಗಡಿಯ ಶಟರ್ ನಡುಗುತ್ತದೆ. ಶಾಲೆಯ ಹೊತ್ತಿನಲ್ಲಿ ಟಿಪ್ಪರ್ ಓಡಬಾರದೆಂಬ ನಿರ್ಬಂಧ ಇದೆಯೆಂದು ಎಲ್ಲರೂ ಹೇಳುತ್ತಾರೆ, ಓಡುವುದನ್ನೂ ಎಲ್ಲರೂ ನೋಡುತ್ತಾರೆ. ಅರ್ಧಕ್ಕರ್ಧ ವಾಹನ ಗಡಿಯಾಚೆಯ ಕರ್ನಾಟಕದವು. ವಿಟ್ಲ, ಕಲ್ಲಡ್ಕದ ಕಡೆಯಿಂದ ಸಾರಡ್ಕ ದಾಟಿ ಬರುತ್ತವೆ. ಅವರಿಗೆ ಇಲ್ಲಿಯ ಹೆದರಿಕೆ ಇಲ್ಲ, ನಮ್ಮವರು ಆಚೆ ಹೋದರೆ ಅಲ್ಲಿಯ ಹೆದರಿಕೆ ಇಲ್ಲ.

ನನಗೆ ಬೇಕಾದ್ದು ಇಷ್ಟು. ಪೆಟ್ಟು ಆಗದಿದ್ದರೂ ಕೇಸು ಮಾಡಲು ಕಾನೂನಿನಲ್ಲಿ ಜಾಗ ಇದೆಯಾ? ದೂರನ್ನು ಪೊಲೀಸಿಗೆ ಕೊಡುವುದಾ, ಮೋಟಾರು ವಾಹನ ಇಲಾಖೆಗಾ? ನನಗೆ ಮಲಯಾಳ ಮಾತಾಡಲು ಬರುತ್ತದೆ, ಅರ್ಜಿ ಬರೆಯುವಷ್ಟು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ? ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಅದಕ್ಕೆ ಬೆಲೆ ಇದೆಯಾ? "ಸುಮ್ಮನೆ ಯಾಕೆ ಅಕ್ಕ, ನಾಳೆ ಅದೇ ಬಸ್ಸಿನಲ್ಲಿ ಹೋಗಬೇಕಲ್ಲ" ಎಂದು ಹೇಳುವವರು ನನ್ನ ಸುತ್ತ ಬೇಕಾದಷ್ಟು ಇದ್ದಾರೆ, ಅದನ್ನು ಇಲ್ಲಿ ಬರೆಯಬೇಡಿ.

—

ಡಬಲ್ ಬೆಲ್ ಬರೆದದ್ದು:

ಅಕ್ಕ, ನಾನು ಕಾಸರಗೋಡಿನ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವನು. ಈಗ ಬಿಟ್ಟಿದ್ದೇನೆ. ನೀವು ಹೇಳಿದ ಸಂಜೆಯ ಆ ಓವರ್‌ಟೇಕ್ ಯಾಕೆ ಆಯಿತೆಂದು ಅಲ್ಲಿ ಇಲ್ಲದಿದ್ದರೂ ನಾನು ಹೇಳಬಲ್ಲೆ. ಡ್ರೈವರನ ಪರ ವಹಿಸುತ್ತಿದ್ದೇನೆ ಎಂದು ತಿಳಿಯಬೇಡಿ. ತಿರುವಿನಲ್ಲಿ ಮುನ್ನುಗ್ಗಿದವನಿಗೆ ಶಿಕ್ಷೆ ಆಗಲೇಬೇಕು.

ಪ್ರತಿ ಬಸ್ಸಿಗೂ ಪರ್ಮಿಟ್ಟಿನ ಜೊತೆ ಟೈಮಿಂಗ್ ಇರುತ್ತದೆ. ಇಂಥ ಸ್ಟೇಜಿಗೆ ಇಷ್ಟು ಗಂಟೆಗೆ ಎಂದು. ಎರಡು ಬಸ್ಸುಗಳ ನಡುವೆ ಕೆಲವೇ ನಿಮಿಷ ಅಂತರ ಇರುವಲ್ಲಿ, ಮುಂದಿನ ಬಸ್ಸು ಪೇಟೆಯ ಬ್ಲಾಕಿನಲ್ಲಿ ಸ್ವಲ್ಪ ತಡವಾದರೂ ಹಿಂದಿನದು ಬಂದು ಬಾಲಕ್ಕೆ ತಾಗುತ್ತದೆ. ಆಮೇಲೆ ಪ್ರತಿ ಸ್ಟಾಪಿನಲ್ಲೂ ಮುಂದಿನವನು ಜನ ಬಾಚಿಕೊಂಡು ಹೋಗುತ್ತಾನೆ, ಹಿಂದಿನವನಿಗೆ ಖಾಲಿ ಸೀಟು. ಸಂಜೆ ಓನರಿಗೆ ಕಲೆಕ್ಷನ್ ಒಪ್ಪಿಸುವಾಗ ಅದರ ಮೇಲೆಯೇ ನಮ್ಮ ಬಾಟಾ, ಅಂದರೆ ದಿನದ ಭತ್ಯೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳದ್ದು ಕನ್ಸೆಷನ್, ಅಂದರೆ ರಿಯಾಯಿತಿ ಟಿಕೆಟ್. ಕಡಿಮೆ ದೂರಕ್ಕೆ ಒಂದು ರೂಪಾಯಿ. ಮುಂದಿನ ಬಸ್ಸು ಮಕ್ಕಳನ್ನು ಹತ್ತಿಸಿಕೊಳ್ಳಲು ನಿಂತದ್ದು ಕಂಡರೆ, ಹಿಂದಿನವನ ಲೆಕ್ಕ ಏನೆಂದರೆ, ಮಕ್ಕಳು ಅದಕ್ಕೆ ಹೋಗಲಿ, ಮುಂದಿನ ಸ್ಟಾಪಿನ ಫುಲ್ ಟಿಕೆಟಿನವರು ನನಗೆ ಸಿಗಲಿ. ಹಾಗಾಗಿ ದಾಟುವುದು ಸರಿಯಾಗಿ ಮಕ್ಕಳು ನಿಂತ ಸ್ಟಾಪಿನಲ್ಲೇ. ನಿಮ್ಮ ಸ್ಟಾಪು ತಿರುವಿನಲ್ಲಿ ಇರುವುದರಿಂದ ಅದು ತಿರುವಿನಲ್ಲೇ ಆಗುತ್ತದೆ. ಸ್ಟಾಪನ್ನು ತಿರುವು ಕಳೆದು ಸ್ವಲ್ಪ ಆಚೆಗೆ ನೇರ ಜಾಗಕ್ಕೆ ಹಾಕಿಸಿದರೆ ಅರ್ಧ ಅಪಾಯ ಅಲ್ಲೇ ಹೋಗುತ್ತದೆ. ಪಂಚಾಯತ್ ಮೆಂಬರನ್ನು ಹಿಡಿಯಿರಿ.

ಟೈಮಿಂಗ್ ವಿಷಯ ತೀರ್ಮಾನ ಮಾಡುವುದು ಆರ್‌ಟಿಎ, ಅಂದರೆ ಕಲೆಕ್ಟರ್ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಎರಡು ಬಸ್ಸಿನ ಅಂತರ ಕಡಿಮೆಯಾಗಿ ಸ್ಪರ್ಧೆ ಆಗುತ್ತಿದೆ ಎಂದು ನೀವೂ ಅಲ್ಲಿಗೆ ಬರೆಯಬಹುದು. ಸಾಮಾನ್ಯವಾಗಿ ಬರೆಯುವುದು ಬಸ್ಸಿನ ಓನರುಗಳು ಮಾತ್ರ, ಒಬ್ಬರ ಮೇಲೊಬ್ಬರು. ಪ್ರಯಾಣಿಕರು ಬರೆದದ್ದನ್ನು ನಾನು ನೋಡಿಲ್ಲ. ಟೈಮಿಂಗ್ ಪಟ್ಟಿ ಬೇಕಾದರೆ ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಫೀಸಿಟ್ಟು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

ಮತ್ತೆ, ಬಸ್ಸಿನವರು ಹಗೆ ಸಾಧಿಸುತ್ತಾರೆ ಎಂದು ಹೆದರಬೇಡಿ. ಪರ್ಮಿಟ್ಟಿನ ಮೇಲೆ ಕಾಗದ ಬಂದರೆ ಹೆದರುವುದು ಓನರು.

—

ವಿದ್ಯಾನಗರ ಕೋರ್ಟು ದಾರಿ ಬರೆದದ್ದು:

ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಪಘಾತ ಪರಿಹಾರದ ಕೇಸುಗಳ ಕಡತ ದಿನಾ ಕೈಗೆ ಬರುತ್ತದೆ, ಹಾಗಾಗಿ ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಹತ್ತಿರ ಬರುವವರೆಲ್ಲ ಆದ ಮೇಲೆ ಬರುವವರು. ಆಗುವ ಮೊದಲು ಕೇಳಿದವರು ನೀವು.

ಪೆಟ್ಟಾಗದಿದ್ದರೆ ಕೇಸಿಲ್ಲ ಎಂಬ ಮಾತು ತಪ್ಪು. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯದ್ದು. ಅದಕ್ಕೆ ಗಾಯ, ಸಾವು ಏನೂ ಆಗಿರಬೇಕೆಂದಿಲ್ಲ. 2019ರ ತಿದ್ದುಪಡಿಯಲ್ಲಿ ಯಾವ ಯಾವ ಕೃತ್ಯ ಇದರಲ್ಲಿ ಬರುತ್ತದೆ ಎಂದು ಬಿಡಿಸಿ ಹೇಳಿದ್ದಾರೆ. ಕಾನೂನಿಗೆ ವಿರುದ್ಧವಾಗಿ ಬೇರೆ ವಾಹನವನ್ನು ಓವರ್‌ಟೇಕ್ ಮಾಡುವುದು ಆ ಪಟ್ಟಿಯಲ್ಲಿ ಇದೆ. ರಾಂಗ್ ಸೈಡಿನಲ್ಲಿ ಓಡಿಸುವುದು, ಓಡಿಸುತ್ತಾ ಫೋನ್ ಹಿಡಿಯುವುದು ಕೂಡ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಇನ್ನೊಮ್ಮೆ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಇದರ ಜೊತೆಗೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಉಂಟು. ಹಿಂದೆ ಐಪಿಸಿ 279 ಎನ್ನುತ್ತಿದ್ದದ್ದು ಅದೇ. ಜೀವಕ್ಕೆ ಅಪಾಯ ಆಗುವ ಹಾಗೆ ಸಾರ್ವಜನಿಕ ಮಾರ್ಗದಲ್ಲಿ ಓಡಿಸಿದರೆ ಸಾಕು, ಅಪಾಯ ಆಗಿಯೇ ತೀರಬೇಕೆಂದಿಲ್ಲ.

"ಯಾರು ಓಡಿಸುತ್ತಿದ್ದರೋ ಗೊತ್ತಿಲ್ಲ" ಎಂದು ಓನರ್ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಪೊಲೀಸರು ಕೇಳಿದರೆ ಡ್ರೈವರ್ ಯಾರೆಂದು ಹೇಳಬೇಕಾದದ್ದು 133ನೇ ಸೆಕ್ಷನ್ ಪ್ರಕಾರ ಅವನ ಕರ್ತವ್ಯ. ಲೈಸೆನ್ಸ್ ಅಮಾನತಿಗೂ ದಾರಿ ಇದೆ. 184ರಂಥ ಅಪರಾಧ ಮಾಡಿದನೆಂದು ಕಂಡರೆ ಪೊಲೀಸ್ ಅಧಿಕಾರಿ ಲೈಸೆನ್ಸ್ ವಶಕ್ಕೆ ಪಡೆದು ಅಮಾನತಿಗೆ ಕಳಿಸಬಹುದೆಂದು 206ನೇ ಸೆಕ್ಷನ್ ಹೇಳುತ್ತದೆ. ದಂಡಕ್ಕಿಂತ ಇದಕ್ಕೇ ಡ್ರೈವರುಗಳು ಹೆದರುವುದು. ದಂಡವನ್ನು ಓನರ್ ಕಟ್ಟಿಬಿಡುತ್ತಾನೆ, ಲೈಸೆನ್ಸ್ ಮೂರು ತಿಂಗಳು ಹೋದರೆ ಕೆಲಸವೇ ಇಲ್ಲ. ಹಾಗಾಗಿ ಅರ್ಜಿಯಲ್ಲಿ "ಕ್ರಮ ಕೈಗೊಳ್ಳಬೇಕು" ಎಂದು ಮೊಗಮ್ಮಾಗಿ ಬರೆದು ಬಿಡಬೇಡಿ. 184ರಲ್ಲಿ ಕೇಸು ದಾಖಲಿಸಬೇಕು, 133ರಲ್ಲಿ ಚಾಲಕನ ವಿವರ ಪಡೆಯಬೇಕು, ಲೈಸೆನ್ಸ್ ಅಮಾನತಿಗೆ ಶಿಫಾರಸು ಮಾಡಬೇಕು ಎಂದು ಬಿಡಿಸಿ ಕೇಳಿ. ಬಿಡಿಸಿ ಕೇಳಿದ್ದಕ್ಕೆ ಬಿಡಿಸಿಯೇ ಉತ್ತರ ಕೊಡಬೇಕಾಗುತ್ತದೆ.

ಒಂದು ಪ್ರತಿ ಠಾಣೆಗೆ, ಒಂದು ಎನ್‌ಫೋರ್ಸ್‌ಮೆಂಟ್ (ತಪಾಸಣೆ ವಿಭಾಗದ) ಆರ್‌ಟಿಒಗೆ. ಎರಡಕ್ಕೂ ರಶೀದಿ ಕೇಳಿ ಪಡೆಯಿರಿ. ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿಯೇ ಕೊಟ್ಟಿದೆ. ಕಾಸರಗೋಡಿನಲ್ಲಿ ಕನ್ನಡ ಅರ್ಜಿ ಕೊಡುವುದು ಯಾರ ಉಪಕಾರವೂ ಅಲ್ಲ.

ವಿಡಿಯೊಗೆ ಬೆಲೆ ಇದೆ. ಆದರೆ ಮಾಡಿದ ಫೋನಿನಲ್ಲೇ ಮೂಲ ಫೈಲು ಉಳಿಸಿ. ವಾಟ್ಸಾಪಿನಲ್ಲಿ ತಿರುಗಿ ಬಂದ ಪ್ರತಿಯನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ನಂಬರ್ ಪ್ಲೇಟ್ ಮತ್ತು ತಿರುವು ಎರಡೂ ಒಂದೇ ವಿಡಿಯೊದಲ್ಲಿ ಕಾಣಬೇಕು. ಕೇರಳ ಮೋಟಾರು ವಾಹನ ಇಲಾಖೆ ಈಗ ನೆಕ್ಸ್ಟ್‌ಜೆನ್ ಎಂಪರಿವಾಹನ್ ಆ್ಯಪಿನಲ್ಲಿ ಸಿಟಿಜನ್ ಸೆಂಟಿನಲ್ ಎಂಬ ಜಾಗದಿಂದಲೂ ಸಾರ್ವಜನಿಕರ ದೂರು ತೆಗೆದುಕೊಳ್ಳುತ್ತದೆ. ಅದನ್ನೂ ಬಳಸಿ, ಆದರೆ ಕಾಗದದ ಅರ್ಜಿ ಬಿಡಬೇಡಿ. ಮತ್ತೆ ಆ ಪಿಕಪ್‌ನವರನ್ನು ಹುಡುಕಿ. ಅವರು ಒಂದು ಹೇಳಿಕೆ ಬರೆದುಕೊಟ್ಟರೆ ನಿಮ್ಮ ದೂರಿನ ತೂಕವೇ ಬೇರೆ.

—

ಹೊಲಿಗೆ ಅಂಗಡಿ ಬರೆದದ್ದು:

ಇಬ್ಬರಿಗೂ ಕೈಮುಗಿಯುತ್ತೇನೆ. ಕನ್ಸೆಷನ್ ವಿಷಯ ಓದಿ ಮನಸ್ಸು ಕಸಿವಿಸಿಯಾಯಿತು. ಮಕ್ಕಳು ನಿಂತಲ್ಲೇ ದಾಟುವುದು ಆಕಸ್ಮಿಕ ಎಂದುಕೊಂಡಿದ್ದೆ. ನಾಳೆಯಿಂದ ಆ ಹೊತ್ತಿಗೆ ಯಾವ ಬಸ್ಸಿನ ಹಿಂದೆ ಯಾವುದು, ಎಷ್ಟು ಗಂಟೆಗೆ ಬರುತ್ತದೆ ಎಂದು ಬರೆದಿಡುತ್ತೇನೆ. ಪಿಕಪ್‌ನವರು ನೀರ್ಚಾಲಿನ ಕಡೆಯವರು ಎಂದಿದ್ದರು, ಹುಡುಕಿದರೆ ಸಿಗುತ್ತಾರೆ.

ಒಂದು ಸಂಶಯ. ಎಐ ಕ್ಯಾಮರಾ ಬಂದ ಮೇಲೆ ಅಪಘಾತ ಕಡಿಮೆಯಾಗಿದೆ ಎಂದು ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಹೌದಾ?

—

ವಿದ್ಯಾನಗರ ಕೋರ್ಟು ದಾರಿ ಬರೆದದ್ದು:

ಅರ್ಧ ಹೌದು, ಅರ್ಧ ಅಲ್ಲ. ಕೇರಳ ಪೊಲೀಸರ ಲೆಕ್ಕದಲ್ಲಿ 2022ರಲ್ಲಿ ಅಪಘಾತ 43,910, ಸಾವು 4,317. 2023ರಲ್ಲಿ ಅಪಘಾತ 48,091, ಸಾವು 4,080. ಸಾವು ಇಳಿಯಿತು, ಅಪಘಾತ ಏರಿತು. ಒಂದೇ ವರ್ಷದ ಅಂಕಿ ಹಿಡಿದು ಹೆಚ್ಚು ಹೇಳಬಾರದು. ಆದರೆ ಹೆಲ್ಮೆಟ್ ತಲೆ ಉಳಿಸುತ್ತದೆ, ಗುದ್ದುವುದನ್ನು ತಪ್ಪಿಸುವುದಿಲ್ಲ ಎಂಬುದಕ್ಕೆ ಈ ಅಂಕಿ ಹೊಂದುತ್ತದೆ. ಕ್ಯಾಮರಾ ಬೇಡ ಎನ್ನುವವರ ಜೊತೆ ಸೇರಬೇಡಿ. ಕ್ಯಾಮರಾ ನೋಡದ ಕಡೆ ಮನುಷ್ಯ ನಿಲ್ಲಲಿ ಎಂದು ಕೇಳಿ.

—

ಗಡಿಯ ಈಚೆ ಬರೆದದ್ದು:

ನಾನು ತಲಪಾಡಿ ಹತ್ತಿರದವನು. ನಮ್ಮಲ್ಲಿ ತಿರುವಿಲ್ಲ, ಆರು ಪಥದ ಹೈವೇ. ಅಲ್ಲಿ ಬೇರೆ ಕಷ್ಟ. ಸರ್ವಿಸ್ ರೋಡಿನಲ್ಲಿ ಒಂದು ಯೂ ಟರ್ನ್ ಸುತ್ತಿ ಬರುವುದು ದೂರ ಎಂದು ರಾಂಗ್ ಸೈಡಿನಲ್ಲೇ ಬರುತ್ತಾರೆ. ರಾತ್ರಿ ಲೈಟು ಕೂಡ ಹಾಕಿರುವುದಿಲ್ಲ. ಹದಿನೆಂಟು ತುಂಬದ ಹುಡುಗರು ಮೂವರು ಒಂದು ಸ್ಕೂಟರಿನಲ್ಲಿ. ಅಪ್ಪಂದಿರಿಗೆ ಗೊತ್ತಿಲ್ಲದ್ದು ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್. ಗಾಡಿ ಕೊಟ್ಟ ಪೋಷಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ದಂಡ, ಒಂದು ವರ್ಷ ಆರ್‌ಸಿ (ಗಾಡಿಯ ನೋಂದಣಿ) ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಅಕ್ಕ ಕೇಳಿದ ಗಡಿಯ ವಿಷಯ. ಕೆಎ ನಂಬರಿನ ಗಾಡಿಗೂ ಇಲ್ಲಿಂದ ಇ-ಚಲನ್ ಹೋಗುತ್ತದೆ, ಕೆಎಲ್ ಗಾಡಿಗೆ ಅಲ್ಲಿಂದ ಬರುತ್ತದೆ, ಎಲ್ಲ ಒಂದೇ 'ವಾಹನ್' ಎಂಬ ಆನ್‌ಲೈನ್ ದಾಖಲೆ. ಕಷ್ಟ ಇರುವುದು ಚಲನಿನಲ್ಲಿ ಅಲ್ಲ. ಚಲನ್ ಹೋಗುವುದು ಓನರಿಗೆ, ಡ್ರೈವರನ್ನು ಕೈಯಾರೆ ನಿಲ್ಲಿಸಿದವರು ಯಾರೂ ಇರುವುದಿಲ್ಲ. ಗಡಿ ದಾಟಿದ ಮೇಲೆ ಹಿಂಬಾಲಿಸುವವರೂ ಇಲ್ಲ. ನಿಮ್ಮಲ್ಲಿ ಅಡ್ಕಸ್ಥಳ–ಸಾರಡ್ಕದಲ್ಲಿ, ನಮ್ಮಲ್ಲಿ ತಲಪಾಡಿಯಲ್ಲಿ, ಎರಡು ರಾಜ್ಯದವರು ಒಂದೇ ಹೊತ್ತಿಗೆ ನಿಂತು ತಪಾಸಣೆ ಮಾಡಿದರೆ ಮಾತ್ರ ತಪ್ಪಿಸಿಕೊಳ್ಳುವ ದಾರಿ ಮುಚ್ಚುತ್ತದೆ. ಚುನಾವಣೆಯ ಹೊತ್ತಿಗೆ ಮಾಡುತ್ತಾರಲ್ಲ, ಕೊರೊನಾ ಸಮಯದಲ್ಲಿ 2020ರಲ್ಲಿ ಮಾರ್ಗಕ್ಕೆ ಮಣ್ಣು ಹಾಕಿ ರೋಗಿಗಳ ಆಂಬುಲೆನ್ಸನ್ನೇ ತಡೆದಿದ್ದರಲ್ಲ. ಜನರನ್ನು ತಡೆಯಲು ಆಗುವುದಾದರೆ ಕುಡಿದು ಓಡಿಸುವ ಟಿಪ್ಪರ್ ತಡೆಯಲು ಯಾಕಾಗುವುದಿಲ್ಲ? ನಮ್ಮಲ್ಲಿ ತಲೆಗೆ ಪೆಟ್ಟಾದವರನ್ನು ಈಗಲೂ ಮಂಗಳೂರಿಗೇ ಓಡಿಸಬೇಕು. ಇಲ್ಲೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದು. ಗುದ್ದಿದ ಮೇಲೆ ಉಳಿಸುವ ಆಸ್ಪತ್ರೆ ಇಷ್ಟು ದೂರ ಇರುವ ಊರಿನಲ್ಲಿ ಗುದ್ದದ ಹಾಗೆ ನೋಡಿಕೊಳ್ಳುವುದು ಎಷ್ಟು ಮುಖ್ಯ ಎಂದು ಅಧಿಕಾರಿಗಳಿಗೆ ಹೇಳಬೇಕು.

—

ನಿವೃತ್ತ ಓವರ್‌ಸಿಯರ್ ಬರೆದದ್ದು:

ಲೋಕೋಪಯೋಗಿಯಲ್ಲಿ ಇದ್ದವನು, ಮಾರ್ಗದ ಕೆಲಸವೇ ನನ್ನದು. ತಾಯಿ, ನಿಮ್ಮ ಅಂಗಡಿಯ ಎದುರು ನಡುಗೆರೆ ಹೇಗಿದೆ? ತುಂಡು ತುಂಡೋ, ಇಡೀ ಗೆರೆಯೋ? ಅದನ್ನು ಮೊದಲು ನೋಡಿ.

ಯಾಕೆ ಕೇಳುತ್ತೇನೆಂದರೆ, ಎರಡು ಪಥದ ಮಾರ್ಗದಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕ್ಷೇಮವಾಗಿ ಓವರ್‌ಟೇಕ್ ಮಾಡಲು ಮುಂದೆ ಸುಮಾರು 300 ಮೀಟರ್ ಮಾರ್ಗ ಕಣ್ಣಿಗೆ ಕಾಣಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕ. 40ರ ವೇಗದಲ್ಲಿಯೂ 165 ಮೀಟರ್. ಎದುರಿನ ಗಾಡಿಯೂ 60ರಲ್ಲಿ ಬಂದರೆ ಎರಡರ ನಡುವಿನ ಅಂತರ ಸೆಕೆಂಡಿಗೆ 33 ಮೀಟರಿನ ಹಾಗೆ ಕರಗುತ್ತದೆ. ನೀವು ಹೇಳುವ ಬರೆ ಇರುವ ತಿರುವಿನಲ್ಲಿ ಅಷ್ಟು ನೋಟ ಸಿಗುವ ಸಾಧ್ಯತೆಯೇ ಇಲ್ಲ. ಅಂಥ ಕಡೆ ದಾಟಬಾರದ ಇಡೀ ಗೆರೆ ಎಳೆಯಬೇಕು, ಓವರ್‌ಟೇಕ್ ನಿಷೇಧದ ಬೋರ್ಡು ಹಾಕಬೇಕು. ಡಾಮರು ಹೊಸದಾಗಿ ಹಾಕಿದ ಮೇಲೆ ಎಷ್ಟೋ ಕಡೆ ಗೆರೆ ಎಳೆಯುವುದು ತಡವಾಗುತ್ತದೆ, ಎಳೆದರೂ ತಿರುವು, ನೇರ ನೋಡದೆ ಒಂದೇ ಸಮ ತುಂಡು ಗೆರೆ ಎಳೆದು ಹೋಗುವುದುಂಟು.

ಇದು ಬಣ್ಣದ ವಿಷಯ ಎಂದು ತಾತ್ಸಾರ ಮಾಡಬೇಡಿ. ಇಡೀ ಗೆರೆ ಇದ್ದರೆ, ಬಸ್ಸಿನ ಚಕ್ರ ಗೆರೆಯ ಆಚೆ ಇರುವ ಒಂದು ಫೋಟೊ ಸಾಕು, ತಪ್ಪು ಅಲ್ಲೇ ಬರೆದ ಹಾಗೆ. ಗೆರೆ ಇಲ್ಲದಿದ್ದರೆ ನೋಟ ಇತ್ತಾ, ಇರಲಿಲ್ಲವಾ ಎಂದು ವಾದ ಶುರುವಾಗುತ್ತದೆ. ಎಲ್ಲ ಡ್ರೈವರುಗಳೂ "ನನಗೆ ಕಾಣುತ್ತಿತ್ತು" ಎಂದೇ ಹೇಳುವುದು.

ಲೋಕೋಪಯೋಗಿ ಇಲಾಖೆಗೆ ಒಂದು ಪ್ರತಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಪ್ರತಿ ಕೊಡಿ. ಆ ಸಮಿತಿಗೂ ಕಲೆಕ್ಟರರೇ ಅಧ್ಯಕ್ಷರು. ಅರ್ಜಿಯಲ್ಲಿ ಗೆರೆ, ಬೋರ್ಡು, ಅಂಚಿನ ತಗ್ಗಿಗೆ ಮಣ್ಣು ತುಂಬಿಸುವುದು, ಸ್ಟಾಪು ಸ್ಥಳಾಂತರ ಇವಿಷ್ಟು ಕೇಳಿ. ಬರೆಯ ಮೇಲಿನ ಪೊದೆ ಕಡಿಸಿದರೆ ಸ್ವಲ್ಪ ನೋಟವೂ ಸಿಗುತ್ತದೆ, ಅದಕ್ಕೆ ಇಲಾಖೆಯನ್ನು ಕಾಯಬೇಕಾಗಿಲ್ಲ, ಜಾಗದವರ ಒಪ್ಪಿಗೆ ಸಾಕು. ಹಂಪ್ ಮಾತ್ರ ಕೇಳಬೇಡಿ. ಇಳಿಜಾರಿನ ತಿರುವಿನಲ್ಲಿ ಹಂಪ್ ಹಾಕಿದರೆ ಮಳೆಗಾಲದಲ್ಲಿ ಬೈಕಿನವರು ಬೀಳುತ್ತಾರೆ.

—

ಡಬಲ್ ಬೆಲ್ ಬರೆದದ್ದು:

ಓವರ್‌ಸಿಯರ್ ಸಾರ್ ಹೇಳಿದ್ದು ನೂರಕ್ಕೆ ನೂರು. ನಾವು ಬಸ್ಸಿನವರು ಬೋರ್ಡು ನೋಡದಿದ್ದರೂ ಇಡೀ ಗೆರೆ ಇರುವಲ್ಲಿ ತಪಾಸಣೆಯ ಸ್ಕ್ವಾಡ್ ನಿಲ್ಲುತ್ತದೆಯೆಂದು ಗೊತ್ತಿದ್ದರೆ ಕಾಲು ತನ್ನಿಂದ ತಾನೇ ಬ್ರೇಕಿಗೆ ಹೋಗುತ್ತದೆ. ಸ್ಕ್ವಾಡ್ ದಿನಾ ನಿಲ್ಲಬೇಕೆಂದಿಲ್ಲ. ಯಾವ ದಿನ ನಿಲ್ಲುತ್ತದೆ ಎಂದು ಗೊತ್ತಾಗದಿದ್ದರೆ ಸಾಕು. ಈಗ ಆಗುತ್ತಿರುವುದು ಅದರ ಉಲ್ಟಾ, ಯಾವ ದಿನ ಎಲ್ಲಿ ನಿಲ್ಲುತ್ತಾರೆ ಎಂಬುದು ಬಸ್ಸಿನವರ ಗ್ರೂಪಿನಲ್ಲಿ ಮೊದಲೇ ಬರುತ್ತದೆ. ಇದನ್ನೂ ಅರ್ಜಿಯಲ್ಲಿ ಬರೆಯಿರಿ ಅಕ್ಕ. ಶಾಲೆ ಬಿಡುವ ಹೊತ್ತಿನಲ್ಲಿ, ಮಫ್ತಿಯಲ್ಲಿ, ಬಸ್ಸಿನ ಒಳಗೆ ಒಬ್ಬರು ಕೂತು ಬಂದರೆ ಎಲ್ಲ ಗೊತ್ತಾಗುತ್ತದೆ.

—

ಹೊಲಿಗೆ ಅಂಗಡಿ ಬರೆದದ್ದು:

ಈಗ ಹೊರಗೆ ಹೋಗಿ ನೋಡಿ ಬಂದೆ ಸಾರ್. ತಿರುವಿನ ಉದ್ದಕ್ಕೂ ತುಂಡು ಗೆರೆ. ಬರೆ ಶುರುವಾಗುವಲ್ಲಿಂದ ಮುಗಿಯುವವರೆಗೂ ತುಂಡು ಗೆರೆ. ಅಂದರೆ ಮಾರ್ಗವೇ ಅವರಿಗೆ ದಾಟಿ ಎಂದು ಹೇಳುತ್ತಿದೆ. ಇಷ್ಟು ಕಾಲ ಎದುರಿಗೇ ಕೂತವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಫೋಟೊ ತೆಗೆದಿದ್ದೇನೆ.

ಬರೆಯ ಮೇಲಿನ ಜಾಗದವರು ನಮ್ಮ ಪರಿಚಯದವರು. ಭಾನುವಾರ ಪೊದೆ ಸವರಿಸಲು ಒಪ್ಪಿದ್ದಾರೆ. ಶಾಲೆಯ ಪಿಟಿಎ (ಪೋಷಕ–ಶಿಕ್ಷಕರ ಸಂಘ) ಅಧ್ಯಕ್ಷರ ಹತ್ತಿರ ಮಾತಾಡಿದೆ. ಪಿಟಿಎ ಲೆಟರ್‌ಹೆಡ್ಡಿನಲ್ಲೂ ಒಂದು ಅರ್ಜಿ ಕೊಡುತ್ತಾರಂತೆ. ನನ್ನ ಅರ್ಜಿಯನ್ನು ಎರಡಾಗಿ ಮಾಡುತ್ತೇನೆ. ಬಸ್ಸಿನ ಮೇಲಿನ ದೂರು ಠಾಣೆಗೆ ಮತ್ತು ಆರ್‌ಟಿಒಗೆ, ಗೆರೆ ಮತ್ತು ಸ್ಟಾಪಿನದ್ದು ಲೋಕೋಪಯೋಗಿಗೆ ಮತ್ತು ಕಲೆಕ್ಟರರಿಗೆ. ಎರಡನ್ನೂ ಬೆರೆಸಿದರೆ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸಬಹುದು ಎಂದು ನನಗೆ ಅನಿಸುತ್ತದೆ. ಸರಿಯಾ? ಟೈಮಿಂಗ್ ಪಟ್ಟಿಗೆ ಮಾಹಿತಿ ಹಕ್ಕಿನ ಅರ್ಜಿ ಬೇರೆ.

ಕರಡು ಬರೆದು ನಾಳೆ ರಾತ್ರಿ ಇಲ್ಲೇ ಹಾಕುತ್ತೇನೆ. ಸೆಕ್ಷನ್ ನಂಬರುಗಳನ್ನು ಕೋರ್ಟು ದಾರಿಯವರು ಒಮ್ಮೆ ನೋಡಿಕೊಡಬೇಕು. ಮುಳ್ಳೇರಿಯ, ಕುಂಬಳೆ, ಉಪ್ಪಳ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಊರಿನ ಬರೆ ಇರುವ ತಿರುವುಗಳಲ್ಲಿ ಗೆರೆ ಹೇಗಿದೆ ಎಂದು ನೋಡಿ ಫೋಟೊ ಕಳಿಸಿ. ಕಲೆಕ್ಟರರಿಗೆ ಕೊಡುವ ಪ್ರತಿಗೆ ಎಲ್ಲವನ್ನೂ ಸೇರಿಸುತ್ತೇನೆ.